ಪತ್ರಾವಳಿ, ತಾಟು ಮತ್ತು ಮದುವೆಯ ಪಂಕ್ತಿ

ಲಗ್ನದ ಮುಹೂರ್ತವು ಗೊತ್ತಾದ ಬಳಿಕ ಮದುವೆಯ ಮನೆಯ ಹಿರಿಯರು ಕೂಡಿ ಕುಳಿತು ಹಲವು ಸಂಗತಿಗಳನ್ನು ನಿರ್ಣಯಿಸಬೇಕಾಗುವದು. ಜವಳಿ, ಬಂಗಾರ, ಚಪ್ಪರ, ಅಡಿಗೆಯವರು, ಕರೆಯಬೇಕಾದ ಬಂಧುಗಳ ಯಾದಿ, ಇವುಗಳ ವಿಷಯವಾಗಿ ರಾತ್ರಿಗಟ್ಟಲೆ ಮಾತು ನಡೆಯುವದುಂಟು. ಉಣ್ಣಲು ಕುಳಿತವರ ಮುಂದೆ ಏನನ್ನು ಇಡಬೇಕೆಂಬ ಮಾತು ಮಾತ್ರ ಎಲ್ಲಕ್ಕೂ ಕಡೆಯಲ್ಲಿ ಏಳುವದು. ಅದನ್ನು ಎರಡು ನಿಮಿಷಗಳಲ್ಲಿ ಮುಗಿಸಿ ಏಳುವದೇ ವಾಡಿಕೆ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಮಟ್ಟಿಗೆ ನೋಡಿದರೂ ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ದೊಡ್ಡ ಇತಿಹಾಸವು ನಿಂತಿರುವದು. ಉಂಡ ಮೇಲೆ ಎಸೆಯತಕ್ಕ ಎಲೆಯೋ, ತೊಳೆದು ಮತ್ತೆ ಇಡತಕ್ಕ ತಾಟೋ ಎಂಬ ಆಯ್ಕೆಯಲ್ಲಿ ಮಡಿಮೈಲಿಗೆಯ ವಿಚಾರವುಂಟು, ನೀರಿನ ವಿಚಾರವುಂಟು, ಮನೆತನದ ಮರ್ಯಾದೆಯ ವಿಚಾರವುಂಟು, ಎಲ್ಲಕ್ಕೂ ಮಿಗಿಲಾಗಿ, ಉಂಡವರ ಎಂಜಲನ್ನು ಯಾರು ಎತ್ತಬೇಕೆಂಬ ವಿಚಾರವುಂಟು.

ಈ ಪ್ರಶ್ನೆಯು ಇಂದಿನದಲ್ಲ. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಹೋದ ಚೀನದ ಯಾತ್ರಿಕನಾದ ಹ್ಯುಯೆನ್ ತ್ಸಾಂಗನು ಹಿಂದೂದೇಶದ ಜನರ ಶುಚಿತ್ವವನ್ನು ವರ್ಣಿಸುವಾಗ ಅವರ ಪಾತ್ರೆಗಳ ಮಾತನ್ನೂ ಎತ್ತಿರುವನು. ಮಣ್ಣಿನ ಮತ್ತು ಮರದ ಪಾತ್ರೆಗಳನ್ನು ಒಮ್ಮೆ ಉಂಡ ಬಳಿಕ ಎಸೆದುಬಿಡುವರೆಂದೂ, ಬಂಗಾರ, ಬೆಳ್ಳಿ, ತಾಮ್ರ, ಕಬ್ಬಿಣಗಳವನ್ನು ಊಟವಾದೊಡನೆ ತಿಕ್ಕಿ ಬೆಳಗುವರೆಂದೂ ಅವನು ಬರೆದಿಟ್ಟಿರುವನು. ಅವನಿಂದ ಸುಮಾರು ನಾಲ್ಕುನೂರು ವರ್ಷಗಳ ಮೇಲೆ, ಕ್ರಿ.ಶ. 1030ರ ಸುಮಾರಿಗೆ, ಅಲ್ಬೆರೂನಿಯೂ ಇದೇ ಸಂಗತಿಯನ್ನು ಆಶ್ಚರ್ಯದಿಂದ ಹೇಳುವನು: ಇಲ್ಲಿಯ ಜನರು ಒಬ್ಬೊಬ್ಬರೇ ಬೇರೆ ಬೇರೆ ಉಣ್ಣುವರು, ಉಳಿದ ಅನ್ನವನ್ನು ಮತ್ತೆ ಮುಟ್ಟುವದಿಲ್ಲ, ಪಾತ್ರೆಯು ಮಣ್ಣಿನದಾದರೆ ಎಸೆಯುವರು. ಪರದೇಶದವರಿಬ್ಬರ ಕಣ್ಣಿಗೂ ಬಿದ್ದ ಈ ರೂಢಿಯ ಒಳಗುಟ್ಟು ಒಂದೇ. ಎಂಜಲನ್ನು ಹೀರಿಕೊಳ್ಳುವ ಪಾತ್ರೆಯು ಒಮ್ಮೆಗೆ ಮುಗಿಯಿತು. ಹೀರಿಕೊಳ್ಳದ ಪಾತ್ರೆಯು ಬೂದಿ, ಹುಣಸೆಹಣ್ಣು, ನೀರುಗಳಿಂದ ಮತ್ತೆ ಹೊಸದಾಯಿತು. ಇಂದಿನ ಅಂಗಡಿಯವನು ಹೇಳುವ ‘ಯೂಸ್ ಅಂಡ್ ಥ್ರೋ’ ಎಂಬ ಮಾತಿನ ಹುಟ್ಟೂರನ್ನು ಪಶ್ಚಿಮದಲ್ಲಿ ಹುಡುಕಬೇಕಾದ ಕಾರಣವಿಲ್ಲ.

ಲೋಹದ ತಾಟಿನ ವಂಶಾವಳಿಯು ಅರಮನೆಯಿಂದ ಮೊದಲಾಗುವದು. ಆಳಂದಕ್ಕೆ ಈಶಾನ್ಯದಲ್ಲಿರುವ ಬಸವಕಲ್ಯಾಣವು ಅಂದು ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬುದೊಂದು ಪ್ರಕರಣ. ಅರಸನು ಬಂಗಾರದ ಪಾತ್ರೆಯಲ್ಲಿ ಹೇಗೆ ಉಣ್ಣಬೇಕು, ಅನ್ನದ ಬಳಿಕ ಏನು, ಮೊಸರಿನ ಹೊತ್ತು ಯಾವುದು ಎಂಬ ವಿವರವೆಲ್ಲ ಅದರಲ್ಲಿ ಬಂದಿರುವದು. ನಾಲ್ಕು ಶತಮಾನಗಳ ತರುವಾಯ ಪೋರ್ತುಗೀಜ ಕುದುರೆವ್ಯಾಪಾರಿಯಾದ ನೂನಿಜನು ವಿಜಯನಗರದ ಅರಸನ ಊಟವನ್ನು ಬಣ್ಣಿಸಿರುವನು. ಮೇಜೂ ಇಲ್ಲ, ಹಾಸುಬಟ್ಟೆಯೂ ಇಲ್ಲ. ಮೂರು ಕಾಲಿನ ದುಂಡಗಿನ ಬಂಗಾರದ ಮಣೆಯೊಂದನ್ನು ತಂದಿಟ್ಟು, ಅದರ ಮೇಲೆ ಬಂಗಾರದ ಪಾತ್ರೆಗಳಲ್ಲಿ ಪದಾರ್ಥಗಳನ್ನು ಇಡುತ್ತಿದ್ದರಂತೆ. ಈ ಮೂರು ಕಾಲಿನ ಮಣೆಯನ್ನು ಕುರಿತು ಓದಿದ ಉತ್ತರ ಕರ್ನಾಟಕದ ಯಾವ ಹಿರಿಯರಿಗಾದರೂ ಅದು ಅಪರಿಚಿತವೆನಿಸಲಾರದು. ಲಿಂಗಾಯತ ಮನೆಗಳಲ್ಲಿ ತಾಟನ್ನು ಇಡುವ ಅಡ್ಡಣಿಗೆಯು ಅದೇ ತಾನೇ! ಅರಸನದು ಬಂಗಾರದ್ದು, ಒಕ್ಕಲಿಗನದು ಕಟ್ಟಿಗೆಯದೋ ಹಿತ್ತಾಳೆಯದೋ ಆಗಿದ್ದಿತು. ಆಕಾರವೂ ಮೂರು ಕಾಲೂ ಒಂದೇ.

ಅಡ್ಡಣಿಗೆಯ ಮೇಲಿನ ತಾಟಿಗೆ ಈ ಭಾಗದಲ್ಲಿ ಇನ್ನೊಂದು ಅರ್ಥವೂ ಕೂಡಿಕೊಂಡಿತು. ಹನ್ನೆರಡನೆಯ ಶತಮಾನದ ಶರಣರು ಅನ್ನವನ್ನು ಪ್ರಸಾದವೆಂದರು. ಪ್ರಸಾದದಲ್ಲಿ ಎಂಜಲೆಂಬುದಿಲ್ಲ, ಆದುದರಿಂದ ಬಿಡುವಹಾಗೂ ಇಲ್ಲ. ನಿಷ್ಠೆಯುಳ್ಳವರು ಉಂಡ ತಾಟನ್ನು ಅಲ್ಲಿಯೇ ತೊಳೆದು ಆ ನೀರನ್ನೂ ಕುಡಿಯುವ ಪದ್ಧತಿಯು ಹೀಗೆ ಹುಟ್ಟಿತು. ಇದು ಎಲೆಯಲ್ಲಿ ಸಾಧಿಸುವ ಕೆಲಸವಲ್ಲ, ತಾಟೇ ಬೇಕು. ಹ್ಯುಯೆನ್ ತ್ಸಾಂಗನು ಕಂಡ ವಿಚಾರದಲ್ಲಿ ಉಂಡ ಪಾತ್ರೆಯು ಮೈಲಿಗೆಯಾದರೆ, ಶರಣರ ವಿಚಾರದಲ್ಲಿ ಅದು ಪವಿತ್ರವಾಯಿತು. ಊಟದ ಪಂಕ್ತಿಯೂ ಮದುವೆಯ ಪಂಕ್ತಿಯೂ ಬೇರೆಯಲ್ಲವೆಂಬುದಕ್ಕೆ ಕಲ್ಯಾಣದ ಕಥೆಯೇ ಸಾಕ್ಷಿ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಲಗ್ನದಿಂದಲೇ ಬಿಜ್ಜಳನ ಕೋಪವು ಕೆರಳಿ, ಹೆಣ್ಣು ಗಂಡಿನ ತಂದೆಗಳಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆಯು ಹೇಳುವದು. ಕೂಡಿ ಉಂಡವರು ಬೀಗರಾಗಬಹುದೆಂಬುದೇ ಅಂದಿನ ಭಯವಾಗಿದ್ದಿತು.

ಆದರೆ ಮಾನಸೋಲ್ಲಾಸದ ಬಂಗಾರವೂ ಮಠಮನೆಗಳ ಹಿತ್ತಾಳೆಯೂ ಸಾವಿರ ಜನರ ಮದುವೆಯ ಊಟಕ್ಕೆ ಒದಗುವ ಮಾತಲ್ಲ. ಒಂದು ಮನೆಯಲ್ಲಿ ಇರುವ ತಾಟುಗಳು ಆ ಮನೆಯವರಿಗೆ ಮತ್ತು ನಾಲ್ಕು ಜನ ನೆಂಟರಿಗೆ ಸಾಲುವಷ್ಟು. ದೊಡ್ಡ ಪಂಕ್ತಿಗೆ ಎಲೆಯೇ ಗತಿ. ಭೀಮಾತೀರದ ಎಲೆಯು ಬಾಳೆಯದಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಬಾಳೆಗೆ ವರ್ಷವಿಡೀ ನೀರು ಬೇಕು. ಈ ಮೂರು ತಾಲೂಕುಗಳ ಎರೆಯ ನೆಲವು ಮಳೆಯನ್ನು ನಂಬಿ ಜೋಳ ತೊಗರಿಗಳನ್ನು ಬೆಳೆಯುವಂಥದು. ಹೀಗಾಗಿ ಮೈಸೂರು ಕಡೆಯ ಕಥೆಗಳಲ್ಲಿ ಬರುವ ತುದಿಬಾಳೆಲೆಯ ಸೊಗಸು ಇಲ್ಲಿ ಅಪರೂಪ. ಇಲ್ಲಿಯದು ಮುತ್ತಲ ಎಲೆ. ಸಂಸ್ಕೃತದಲ್ಲಿ ಇದನ್ನೇ ಪಲಾಶವೆಂದು ಕರೆಯುವರು. 1757ರ ಯುದ್ಧದಿಂದ ಹೆಸರಾದ ಬಂಗಾಲದ ಪ್ಲಾಸಿ ಊರಿಗೆ ಆ ಹೆಸರು ಬಂದದ್ದೂ ಈ ಗಿಡದಿಂದಲೇ. ಬೀಳುಭೂಮಿ, ಹಳ್ಳದ ದಂಡೆ, ಕಲ್ಲುನೆಲ, ಸವಳುನೆಲ, ಎಲ್ಲಿಯಾದರೂ ಅದು ಬದುಕುವದು. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ; ಮುತ್ತುಗಕ್ಕೆ ಮೂರೇ ಎಲೆ ಎಂಬುದು ಗಾದೆಯೇ ಆಗಿ ಹೋಗಿರುವದು. ನಡುವಿನ ಎಲೆಯು ಅಂಗೈಗಿಂತ ದೊಡ್ಡದಾಗಿ, ತೊಗಲಿನಂತೆ ದಪ್ಪವಾಗಿರುವದರಿಂದ ಬಿಸಿ ಪದಾರ್ಥವು ಬಿದ್ದರೂ ಬಾಡಿ ಕುಗ್ಗುವದಿಲ್ಲ.

ಹೀಗೆ ಎಲೆಗೆ ಎಲೆಯನ್ನು ಜೋಡಿಸಿ ಸಣ್ಣ ಕಡ್ಡಿಗಳಿಂದ ಹೊಲಿದರೆ ಪತ್ರಾವಳಿಯಾಯಿತು. ಎಲೆಗಳ ಸಾಲು ಎಂಬುದೇ ಆ ಶಬ್ದದ ಅರ್ಥ. ಮರಾಠಿಯ ನೆರೆಯಲ್ಲಿರುವ ಆಳಂದದ ಬಾಯಲ್ಲಿ ಅದು ಪತ್ರೋಳಿಯಾಗಿರುವದು. ಹೊಲಿಯುವದು ಬಹುಮಟ್ಟಿಗೆ ಹೆಂಗಸರ ಕೈಕೆಲಸ. ಮಧ್ಯದಲ್ಲಿ ದೊಡ್ಡದೊಂದು ಎಲೆ, ಸುತ್ತಲೂ ಚಿಕ್ಕವು. ಕಡ್ಡಿಯನ್ನು ಒಮ್ಮೆ ಚುಚ್ಚಿ ಹೊರಗೆ ತೆಗೆದು ಮುರಿದುಬಿಟ್ಟರೆ ಒಂದು ಹೊಲಿಗೆ. ಕಡ್ಡಿಯ ತುದಿಯು ಮೇಲೆ ಉಳಿದರೆ ಉಣ್ಣುವವನ ಬೆರಳಿಗೆ ಚುಚ್ಚುವದು; ಹೊಲಿಗೆಯು ಸಡಿಲಾದರೆ ಸಾರು ನೆಲಕ್ಕೆ ಸೇರುವದು. ಹೊಲಿದವುಗಳನ್ನು ನೂರರ ಕಟ್ಟು ಮಾಡಿ, ಮೇಲೆ ಕಲ್ಲು ಹೇರಿ, ಸಪಾಟಾಗುವಂತೆ ಒಣಗಿಸುವರು. ಒಣಗಿದ ಎಲೆಯು ಕಂದುಬಣ್ಣಕ್ಕೆ ತಿರುಗಿ ತಿಂಗಳುಗಟ್ಟಲೆ ಕೆಡದೆ ಉಳಿಯುವದು. ಪಂಕ್ತಿಯ ದಿನ ಅದರ ಮೇಲೆ ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುವದು.

ಮುತ್ತಲದ ಋತುಮಾನವನ್ನು ಅರಿತಲ್ಲದೆ ಈ ಒಣಗಿಸುವ ಕೆಲಸದ ಮಹತ್ವವು ತಿಳಿಯಲಾರದು. ಮಾಘ ಫಾಲ್ಗುಣಗಳಲ್ಲಿ ಗಿಡವು ಎಲೆಯನ್ನೆಲ್ಲ ಕಳಚಿ ಕೆಂಡದಂಥ ಹೂವನ್ನು ಹೊತ್ತು ನಿಲ್ಲುವದು. ಹೋಳಿಯ ಓಕುಳಿಗೆ ಆ ಹೂವೇ ಬಣ್ಣ. ಹೊಸ ಚಿಗುರು ಬಲಿಯುವಷ್ಟರಲ್ಲಿ ಬೇಸಿಗೆಯೇ ಕಳೆಯುತ್ತ ಬಂದಿರುವದು. ಮದುವೆಗಳಾದರೋ ಸುಗ್ಗಿ ಮುಗಿದು ಹೊಲಗಳು ಬರಿದಾದಾಗ, ಕೈಯಲ್ಲಿ ನಾಲ್ಕು ಕಾಸು ಆಡುವಾಗ, ಅಂದರೆ ವೈಶಾಖದ ಸುಮಾರಿಗೆ ನಡೆಯತಕ್ಕವು. ಗಿಡದಲ್ಲಿ ಎಲೆಯಿಲ್ಲದ ಕಾಲದಲ್ಲಿಯೇ ಎಲೆಯ ಬೇಡಿಕೆಯು ಅತಿಶಯವಾಗಿರುವದು. ಹಿಂದಿನ ಮಳೆಗಾಲ ಚಳಿಗಾಲಗಳಲ್ಲಿ ಕೊಯ್ದು ಹೊಲಿದು ಅಟ್ಟಕ್ಕೇರಿಸಿದ ಕಟ್ಟುಗಳೇ ಬೇಸಿಗೆಯ ಮದುವೆಗಳನ್ನು ನಡೆಸಿಕೊಡಬೇಕು. ಬಡ ಹೆಂಗಸಿಗೆ ಇದು ಹೊಲದಲ್ಲಿ ಕೂಲಿಯಿಲ್ಲದ ದಿನಗಳ ಸಂಪಾದನೆ. ಬಂಡವಾಳವೆಂದರೆ ಅವಳ ಕಾಲ್ನಡಿಗೆ ಮತ್ತು ಕೈಬೆರಳು.

ಎಲೆಯ ಊಟಕ್ಕೆ ಅದರದೇ ಆದ ಹದವುಂಟು. ಜೋಳದ ಕಟಕ ರೊಟ್ಟಿಗಂತೂ ಯಾವ ಪಾತ್ರೆಯ ಹಂಗೂ ಇಲ್ಲ. ಎಡಗೈಯಲ್ಲಿ ರೊಟ್ಟಿಯನ್ನು ಹಿಡಿದು, ಅದರ ಮೇಲೆಯೇ ಪುಂಡಿಪಲ್ಯವನ್ನೂ ಹಿಂಡಿಯನ್ನೂ ಹಾಕಿಕೊಂಡು ಉಣ್ಣುವ ಒಕ್ಕಲಿಗನ ತಾಟನ್ನು ಅವನ ಹೆಂಡತಿಯು ದಿನಾಲು ಹೊಸದಾಗಿ ಬಡಿಯುತ್ತಿದ್ದಳೆನ್ನಬೇಕು. ಹೋಳಿಗೆಗೂ ಎಲೆಯು ಒಪ್ಪುವದು. ತೊಡಕು ಬರುವದು ಗೋಧಿಯ ಹುಗ್ಗಿಗೆ ಬಿಸಿ ಹಾಲು ತುಪ್ಪಗಳನ್ನು ಸುರಿದಾಗ. ಅದಕ್ಕೆಂದೇ ದೊನ್ನೆಯುಂಟಾಯಿತು. ಸಾರಿಗಾದರೆ ಅನ್ನದ ಗುಡ್ಡೆಯ ನಡುವೆ ಕುಣಿ ಮಾಡಿ ಸುತ್ತಲೂ ಕಟ್ಟೆ ಕಟ್ಟಿಕೊಳ್ಳುವದು ಹುಡುಗರಿಗೆ ಮೊದಲು ಕಲಿಸುವ ವಿದ್ಯೆ. ಕಟ್ಟೆಯು ಒಡೆದರೆ ಪಕ್ಕದವನ ಎಲೆಯವರೆಗೆ ಹಳ್ಳವು ಹರಿಯುವದು. ಇನ್ನು ನೀರು ಕುಡಿಯಲು ತಂಬಿಗೆಯನ್ನು ಊಟಕ್ಕೆ ಬರುವವರೇ ಮನೆಯಿಂದ ತರುತ್ತಿದ್ದರು. ಕೆಲವು ಹಳ್ಳಿಗಳಲ್ಲಿ ತಾಟನ್ನೂ ತರುವ ರೂಢಿಯಿದ್ದಿತು. ಇದರಲ್ಲಿ ಯಾರಿಗೂ ಕೀಳುತನ ಕಾಣುತ್ತಿರಲಿಲ್ಲ, ಎಲ್ಲರೂ ತರುತ್ತಿದ್ದರಾದ್ದರಿಂದ. ಒಂದೇ ಕೇರಿಯವರು ತರಬೇಕೆಂಬ ಕಟ್ಟಳೆಯಾದಾಗ ಅದೇ ತಾಟು ಅಪಮಾನದ ಗುರುತಾಗುತ್ತಿದ್ದಿತು.

ಬಹುಜನರಿಗೆ ಅನ್ನವನ್ನು ಹಾಕುವ ವಿಷಯದಲ್ಲಿ ಈ ಮೂರು ತಾಲೂಕುಗಳಿಗೆ ಇರುವ ಪರಂಪರೆಯು ಸಣ್ಣದಲ್ಲ. ಅಫಜಲಪುರ ತಾಲೂಕಿನಲ್ಲಿ ಅಮರ್ಜೆಯು ಭೀಮೆಯನ್ನು ಕೂಡುವ ದೇವಲ ಗಾಣಗಾಪುರವು ಹದಿನೈದನೆಯ ಶತಮಾನದ ನರಸಿಂಹ ಸರಸ್ವತಿಗಳ ಕ್ಷೇತ್ರ. ಅವರ ಚರಿತ್ರೆಯನ್ನು ಮರಾಠಿಯಲ್ಲಿ ಬರೆದ ಸರಸ್ವತೀ ಗಂಗಾಧರನ ಮನೆಮಾತು ಕನ್ನಡವೆಂಬುದು ಈ ಸೀಮೆಯ ಗುಣಕ್ಕೆ ತಕ್ಕದ್ದೇ. ಆ ಗುರುಚರಿತ್ರೆಯ 38ನೆಯ ಅಧ್ಯಾಯದಲ್ಲಿ ಭಾಸ್ಕರನೆಂಬ ಬಡ ಬ್ರಾಹ್ಮಣನ ಕಥೆಯು ಬಂದಿರುವದು. ಮೂವರಿಗೆ ಸಾಲುವಷ್ಟು ಸಾಮಗ್ರಿಯನ್ನು ಕಟ್ಟಿಕೊಂಡು ಬಂದ ಅವನ ಅಡಿಗೆಯು ಗುರುಗಳ ಕೃಪೆಯಿಂದ ನಾಲ್ಕು ಸಾವಿರ ಜನರಿಗೆ ಸಾಕಾಯಿತೆಂದು ಅದರ ಸಾರ. ಪವಾಡದ ಮಾತು ಭಕ್ತರಿಗೆ ಬಿಟ್ಟದ್ದು. ಗೃಹಸ್ಥರ ಕಣ್ಣಿನಿಂದ ನೋಡಿದರೆ, ಅಷ್ಟು ಜನಕ್ಕೆ ಹೊಳೆಯ ದಂಡೆಯಲ್ಲಿ ಒಂದೇ ದಿನ ಊಟವನ್ನು ಬಡಿಸುವದು ಎಲೆಯಿಲ್ಲದೆ ಊಹೆಗೂ ಬಾರದ ಕೆಲಸವೆಂಬುದು ಎದ್ದು ತೋರುವದು.

ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರದು ಇನ್ನೊಂದು ದಾರಿ. ಒಕ್ಕಲುತನದ ಮನೆಯಲ್ಲಿ ಬೆಳೆದು, ಬಂದವರಿಗೆಲ್ಲ ಅನ್ನವನ್ನು ಇಕ್ಕುವದೇ ವ್ರತವೆಂದು ತಿಳಿದು, ಕಡೆಗೆ ಕಲಬುರಗಿಯಲ್ಲಿ ನೆಲೆ ನಿಂತು 1822ರಲ್ಲಿ ಲಿಂಗೈಕ್ಯರಾದ ಅವರ ಹೆಸರಿನ ದಾಸೋಹವು ಇಂದಿಗೂ ನಡೆದು ಬಂದಿರುವದು. ಹೋಳಿಯ ಬಳಿಕ ನಡೆಯುವ ಅವರ ಜಾತ್ರೆಯ ತೇರಿನ ದಿವಸ ಪರುಷಬಟ್ಟಲೆಂದು ಕರೆಯಲ್ಪಡುವ ದಾಸೋಹದ ಬಟ್ಟಲನ್ನು ಎತ್ತಿ ತೋರಿಸುವರು. ಅದನ್ನು ಕಾಣಲು ಜನಸಾಗರವು ಕಾದು ನಿಂತಿರುವದು. ಒಂದು ಸೀಮೆಯ ಜನರು ಆಯುಧವನ್ನಲ್ಲ, ಕಿರೀಟವನ್ನಲ್ಲ, ಉಣ್ಣುವ ಬಟ್ಟಲೊಂದನ್ನು ಕಂಡು ಕೈಮುಗಿಯುವರೆಂಬುದು ವಿಚಾರಕ್ಕೆ ಯೋಗ್ಯವಾದ ಸಂಗತಿ.

ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾ ಇರುವದು. ಮುಸಲ್ಮಾನರ ಪಂಕ್ತಿಯ ವಿಚಾರವು ಬೇರೆಯದು. ನೆಲಕ್ಕೆ ದಸ್ತರಖಾನ್ ಎಂಬ ಬಟ್ಟೆಯನ್ನು ಹಾಸಿ, ನಡುವೆ ದೊಡ್ಡದೊಂದು ತಬಕನ್ನು ಇಟ್ಟು, ಸುತ್ತಲೂ ಕುಳಿತ ಹಲವರು ಅದರಿಂದಲೇ ಉಣ್ಣುವದು ಅವರಲ್ಲಿ ಪ್ರೀತಿಯ ಲಕ್ಷಣ. ಅಲ್ಬೆರೂನಿಗೆ ಹಿಂದೂಗಳು ಒಬ್ಬೊಬ್ಬರೇ ಉಣ್ಣುವದು ವಿಚಿತ್ರವಾಗಿ ಕಂಡದ್ದು ಈ ಕಾರಣದಿಂದ. ಐದಾರು ಜನರಿಗೆ ಒಂದೇ ಪಾತ್ರೆಯಾದರೆ ತೊಳೆಯುವ ಕೆಲಸವೂ ಐದಾರರಲ್ಲಿ ಒಂದು ಪಾಲಿಗೆ ಇಳಿಯುವದೆಂಬುದನ್ನು ಲೆಕ್ಕ ಬಲ್ಲ ಗೃಹಿಣಿಯರು ಗಮನಿಸಬಹುದು. ತಾಮ್ರ ಹಿತ್ತಾಳೆಗಳ ಪಾತ್ರೆಗೆ ತವರದ ಲೇಪವನ್ನು ಕೊಡುವ ಕಲಾಯಿಯ ಕಸಬು ಬಹುಮಟ್ಟಿಗೆ ಅವರ ಕೈಯಲ್ಲಿಯೇ ಇದ್ದಿತು. ಕಲಾಯಿಯೆಂಬ ಶಬ್ದವೂ ತವರದ ಅರಬ್ಬಿ ಹೆಸರಿನಿಂದಲೇ ಬಂದದ್ದು. ಮದುವೆಯ ತಿಂಗಳಿಗೆ ಮುಂಚಿತವಾಗಿ ಕಲಾಯಿಗಾರನು ಊರ ಕಟ್ಟೆಯ ಬಳಿ ತಿದಿಯನ್ನು ಹೂಡುವನು. ಪಾತ್ರೆಯನ್ನು ಕಾಸಿ, ನವಸಾಗರವನ್ನು ಉದುರಿಸಿ, ತವರವನ್ನು ಅರಳೆಯಿಂದ ಒರಸಿದೊಡನೆ ಕಪ್ಪು ಹೊಟ್ಟೆಯು ಬೆಳ್ಳಿಯಾಗುವದು. ಹುಣಸೆಹುಳಿಯ ಪದಾರ್ಥವನ್ನು ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಇಟ್ಟರೆ ಕಿಲುಬು ಏಳುವದು. ನೂರಾರು ಜನರ ಅಡಿಗೆಯಲ್ಲಿ ಇದು ಪ್ರಾಣಕ್ಕೆ ಬರತಕ್ಕ ಮಾತು.

ಎಲೆಯ ಗುಣಗಾನವನ್ನು ಇಲ್ಲಿಗೇ ನಿಲ್ಲಿಸಿದರೆ ಇತಿಹಾಸಕ್ಕೆ ಅನ್ಯಾಯವಾಗುವದು. ಎಲೆಯನ್ನು ಹಾಸುವವರು ಒಬ್ಬರಾದರೆ, ಎತ್ತುವವರು ಇನ್ನೊಬ್ಬರು. ಪಂಕ್ತಿಯು ಎದ್ದ ಮೇಲೆ ಎಂಜಲೆಲೆಗಳು ತಿಪ್ಪೆಗೆ ಸೇರುವಲ್ಲಿ ಊರ ಹೊರಗಿನ ಕೇರಿಯ ಜನರು ಕಾದಿರುತ್ತಿದ್ದರು. ಎಲೆಯಲ್ಲಿ ಉಳಿದ ಹೋಳಿಗೆಯ ತುಂಡು ಅವರ ಪಾಲಿನ ಮದುವೆಯೂಟ. ಯುರೋಪದಲ್ಲಿಯೂ ಮಧ್ಯಯುಗದ ಔತಣಗಳಲ್ಲಿ ಹಳಸಿದ ದಪ್ಪ ರೊಟ್ಟಿಯ ಹೋಳನ್ನೇ ತಾಟಿನಂತೆ ಬಳಸಿ, ಸಾರು ಕೊಬ್ಬುಗಳನ್ನು ಹೀರಿದ ಆ ರೊಟ್ಟಿಯನ್ನು ಊಟದ ಕಡೆಗೆ ಬಾಗಿಲಲ್ಲಿ ನಿಂತ ಬಡವರಿಗೆ ಕೊಡುತ್ತಿದ್ದರು. ಅಲ್ಲಿ ಅದು ದಾನವೆನಿಸಿತು. ಇಲ್ಲಿ ಅದು ಜಾತಿಯ ಹಕ್ಕುಬಾಧ್ಯತೆಯ ಹೆಸರಿನಲ್ಲಿ ತಲೆತಲಾಂತರಕ್ಕೆ ಕಟ್ಟಿದ ನೊಗವಾಯಿತು. 1927ರ ಮಾರ್ಚದಲ್ಲಿ ಮಹಾಡದ ಪರಿಷತ್ತಿನಲ್ಲಿ ಡಾ. ಅಂಬೇಡಕರರು ಕೆರೆಯ ನೀರಿನ ಹಕ್ಕನ್ನು ಸಾರಿದ ಸಂಗತಿಯು ಎಲ್ಲರಿಗೂ ತಿಳಿದದ್ದು. ಅದೇ ಪರಿಷತ್ತಿನಲ್ಲಿ ಅವರು ತಮ್ಮ ಜನರಿಗೆ ಎಸೆದ ಎಂಜಲನ್ನು ಮುಟ್ಟಬೇಡಿರೆಂದೂ ಹೇಳಿದರು. ಆ ಮಾತಿನ ಭಾರವನ್ನು ತಿಳಿಯಬೇಕಾದರೆ ಪತ್ರಾವಳಿಯ ಈ ಇನ್ನೊಂದು ಮುಖವನ್ನು ನೋಡಬೇಕು.

ಸ್ವಾತಂತ್ರ್ಯದ ತರುವಾಯ ಪಾತ್ರೆಯು ಕಾಯಿದೆಯ ಪುಸ್ತಕವನ್ನೂ ಪ್ರವೇಶಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯ ನಾಲ್ಕನೆಯ ಕಲಮು ಖಾನಾವಳಿ, ಧರ್ಮಶಾಲೆ, ಮುಸಾಫಿರಖಾನೆಗಳಲ್ಲಿ ಸರ್ವರ ಉಪಯೋಗಕ್ಕೆಂದು ಇಟ್ಟ ಪಾತ್ರೆಗಳನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣದಿಂದ ಯಾರನ್ನಾದರೂ ತಡೆಯುವದು ಅಪರಾಧವೆಂದು ಸ್ಪಷ್ಟವಾಗಿ ಹೆಸರಿಸಿತು. ಆಗ ಈ ಮೂರು ತಾಲೂಕುಗಳು ಹೈದರಾಬಾದು ಸಂಸ್ಥಾನದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು ಮರುವರ್ಷ, 1956ರ ನವೆಂಬರ 1ಕ್ಕೆ. ಖಾಸಗಿ ಮನೆಯ ಮದುವೆಯ ಚಪ್ಪರದೊಳಗೆ ಆ ಕಲಮು ಬರಲಿಲ್ಲ. ಚಪ್ಪರದೊಳಗೆ ಬಂದದ್ದು ಉಕ್ಕು.

ಲೋಹದ ತಾಟು ಅಗ್ಗವಾದದ್ದು ಮೆಲ್ಲಮೆಲ್ಲಗೆ. 1871ರಲ್ಲಿ ರೈಲುದಾರಿಯು ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ಹಾಯ್ದು ರಾಯಚೂರನ್ನು ಮುಟ್ಟಿದಂದಿನಿಂದ ದೂರದ ಮಾಲು ಹತ್ತಿರವಾಯಿತು. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ನನು ಅಲ್ಯೂಮಿನಿಯಮ್ ಪಾತ್ರೆಗಳನ್ನು ಮಾಡಿಸತೊಡಗಿದನು. ಹಗುರು ಮತ್ತು ಅಗ್ಗವಾದರೂ ಅದನ್ನು ಮದುವೆಗೆ ಶೋಭಿಸುವ ಲೋಹವೆಂದು ಯಾರೂ ಎಣಿಸಲಿಲ್ಲ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೆಯರ್ಲಿಯು ಕಂಡ ತುಕ್ಕುಹಿಡಿಯದ ಉಕ್ಕು ಈ ಎಲ್ಲವನ್ನೂ ಹಿಂದೆ ಹಾಕಿತು. ಅದಕ್ಕೆ ಕಲಾಯಿ ಬೇಡ, ಹುಣಸೆಯ ಹೆದರಿಕೆಯಿಲ್ಲ, ತಿಕ್ಕಿದಷ್ಟೂ ಹೊಳೆಯುವದು. ಸ್ವಾತಂತ್ರ್ಯಾನಂತರ ಅದು ಹಳ್ಳಿಹಳ್ಳಿಗೂ ಹಬ್ಬಿ, 1980ರ ದಶಕದ ಆರಂಭದಲ್ಲಿ ಸೇಲಂ ಕಾರಖಾನೆಯು ದೇಶದಲ್ಲಿಯೇ ಅದರ ತಗಡನ್ನು ಮಾಡತೊಡಗಿದ ಮೇಲಂತೂ ಆಹೇರಿಯ ಮುಖ್ಯ ವಸ್ತುವೇ ಸ್ಟೀಲಿನ ಭಾಂಡೆಯಾಯಿತು. ಭಾಂಡೆಯ ಅಂಗಡಿಯವನು ಕೊಟ್ಟವರ ಹೆಸರನ್ನೂ ತಾರೀಖನ್ನೂ ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ಕೆತ್ತಿ ಕೊಡುವನು. ಹಳೆಯ ಮನೆಯೊಂದರ ತಾಟುಗಳನ್ನು ಬೋರಲು ಹಾಕಿ ಓದಿದರೆ ಆ ಮನೆಯ ಬೀಗತನಗಳ ಚರಿತ್ರೆಯು ಸಂವತ್ಸರಸಮೇತ ಸಿಕ್ಕುವದು. ತಾಮ್ರಪಟವನ್ನು ಹುಡುಕುವ ಸಂಶೋಧಕರು ಈ ಉಕ್ಕಿನ ಪಟಗಳತ್ತ ನೋಡಿದ್ದು ಕಡಿಮೆ.

ಉಕ್ಕಿನ ತಾಟಿನಿಂದ ಒಂದು ದೊಡ್ಡ ಪರಿವರ್ತನೆಯು ಸದ್ದಿಲ್ಲದೆ ನಡೆಯಿತು. ಗುಡಿಯ ಕಮಿಟಿಯವರೂ ಓಣಿಯ ಸಂಘದವರೂ ನೂರಾರು ತಾಟುಗಳನ್ನು ಕೊಂಡು ಮದುವೆಗಳಿಗೆ ಬಾಡಿಗೆಗೆ ಕೊಡತೊಡಗಿದರು. ಇಂದು ಒಂದು ಜಾತಿಯ ಮದುವೆಯಲ್ಲಿ ಇಟ್ಟ ತಾಟೇ ನಾಳೆ ಇನ್ನೊಂದು ಜಾತಿಯ ಮದುವೆಗೆ ಹೋಗುವದು. ಯಾರ ತುಟಿಯು ಅದಕ್ಕೆ ತಗಲಿದ್ದಿತೆಂಬುದನ್ನು ಕೇಳಿದರೆ ಊಟವೇ ನಡೆಯದು. ಆದುದರಿಂದ ಜನರು ಕೇಳುವದನ್ನು ಬಿಟ್ಟರು. ಮಡಿಯ ವಿಚಾರವನ್ನು ಸಭೆಗಳಲ್ಲಿ ಖಂಡಿಸಿದವರು ಬಹಳ ಮಂದಿ. ಬಾಡಿಗೆಯ ಭಾಂಡೆಯು ಖಂಡಿಸದೆಯೇ ಅದನ್ನು ಎಷ್ಟೋ ಸವೆಯಿಸಿತು. ಆದರೂ ತೊಳೆಯುವವರ ಕೈ ಬದಲಾಯಿತೆಂದು ಹೇಳುವಂತಿಲ್ಲ. ಚಪ್ಪರದ ಹಿಂದೆ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಸಾಬೂನಿನ ನೀರಿನಲ್ಲಿ ನಡುರಾತ್ರಿಯವರೆಗೆ ತಿಕ್ಕುವ ಹೆಂಗಸರಿಗೆ ಊಟವು ಎಲ್ಲರಿಗಿಂತ ಕಡೆಯಲ್ಲಿ ದೊರೆಯುವದು.

ನೀರಿನ ಲೆಕ್ಕವೂ ಇಲ್ಲಿಯೇ ಬರುವದು. ಒಂದು ತಾಟನ್ನು ತೊಳೆಯಲು ಒಂದು ತಂಬಿಗೆ, ಜಾಲಾಡಿಸಲು ಇನ್ನೊಂದು ತಂಬಿಗೆ ಎಂದು ಹಿಡಿದರೂ ಸಾವಿರ ಜನರ ಊಟಕ್ಕೆ ಎರಡು ಸಾವಿರ ತಂಬಿಗೆ ನೀರು ಬೇಕು. ವಾಟಿ, ಲೋಟ, ಚಮಚೆಗಳು ಈ ಲೆಕ್ಕದ ಹೊರಗೆ. ವೈಶಾಖದಲ್ಲಿ ಜೇವರ್ಗಿಯ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರಿಗೇ ಸರದಿ ನಿಲ್ಲಬೇಕಾಗುವ ವರ್ಷಗಳು ಕಡಿಮೆಯಲ್ಲ. ಭೀಮೆಯ ಪಾತ್ರದಲ್ಲಿ ಮರಳೇ ಕಾಣುವದು. ಹಿಂದಿನವರು ಎಲೆಯನ್ನು ಮಡಿಗಾಗಿ ಆರಿಸಿದರೆಂದು ಹೇಳುವದು ಅರ್ಧ ಸತ್ಯ. ಬಾವಿಯು ಬತ್ತಿದ ತಿಂಗಳಲ್ಲಿ ನೀರನ್ನು ಕೇಳದ ಪಾತ್ರೆಯು ಅದೊಂದೇ ಆಗಿದ್ದಿತು. ಉಂಡೆದ್ದ ಮೇಲೆ ದನವು ಮೇಯ್ದಷ್ಟು ಮೇಯ್ದು, ಉಳಿದದ್ದು ತಿಪ್ಪೆಯಲ್ಲಿ ಕೊಳೆತು, ಮುಂದಿನ ಬಿತ್ತಿಗೆಯ ಹೊತ್ತಿಗೆ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿದ್ದಿತು.

ನೀರಿನ ಈ ಕೊರತೆಯ ದಾರಿಯಿಂದಲೇ ಹೊಸ ಎಸೆಗಣ್ಣಿನ ಪಾತ್ರೆಗಳು ಒಳಗೆ ಬಂದವು. ಅವುಗಳ ಪಾಶ್ಚಾತ್ಯ ಮೂಲವು ಕುತೂಹಲಕರವಾದದ್ದು. ಅಮೇರಿಕೆಯಲ್ಲಿ ರೈಲುಗಳಲ್ಲಿಯೂ ಶಾಲೆಗಳಲ್ಲಿಯೂ ಎಲ್ಲರೂ ಒಂದೇ ಬಟ್ಟಲಿನಿಂದ ನೀರು ಕುಡಿಯುತ್ತಿದ್ದರು. ಕ್ಷಯದ ಅಂಟು ಇದರಿಂದ ಹರಡುವದೆಂದು ಹೆದರಿ ಕಾನ್ಸಾಸ್ ಸಂ‌ಸ್ಥಾನವು 1909ರಲ್ಲಿ ಈ ಸಾಮಾನ್ಯ ಬಟ್ಟಲನ್ನು ನಿಷೇಧಿಸಿತು. ಕಾಗದದ ಬಟ್ಟಲಿನ ವ್ಯಾಪಾರವು ಈ ಭಯದ ಬೆನ್ನು ಹತ್ತಿ ಬೆಳೆಯಿತು. ಅಲ್ಲಿ ರೋಗದ ಅಂಜಿಕೆ, ಇಲ್ಲಿ ಮೈಲಿಗೆಯ ಅಂಜಿಕೆ. ಎರಡರ ಫಲವೂ ಒಮ್ಮೆ ಬಳಸಿ ಎಸೆಯುವ ಪಾತ್ರೆ. ನಮ್ಮ ಕಡೆಯ ಮದುವೆಗಳಲ್ಲಿ ಇವು ಥರ್ಮಾಕೋಲಿನ ತಾಟು, ಪ್ಲಾಸ್ಟಿಕ್ಕಿನ ಲೋಟ, ಹೊಳೆಯುವ ಲೇಪದ ಕಾಗದದ ತಾಟು ಎಂಬ ರೂಪಗಳಲ್ಲಿ ಬಂದವು. ಪಂಕ್ತಿಯು ಹೋಗಿ ನಿಂತು ಉಣ್ಣುವ ಬಫೆ ಬಂದಾಗ ಅವುಗಳ ನಡೆ ಇನ್ನೂ ಚುರುಕಾಯಿತು. ಮೆತ್ತಗಿನ ಪತ್ರಾವಳಿಯನ್ನು ಒಂದೇ ಕೈಯಲ್ಲಿ ಹಿಡಿದು ನಿಂತುಕೊಂಡು ಉಣ್ಣುವದು ಹನುಮಂತನಿಗೂ ಕಷ್ಟವೇ.

ಎಲೆಯನ್ನು ತಿಂದು ಬೆಳೆದ ದನಗಳು ಈ ಹೊಸ ತಾಟುಗಳನ್ನೂ ಅನ್ನದ ವಾಸನೆಗೆ ತಿಂದವು. ಅವು ಕೊಳೆಯಲಿಲ್ಲ, ಜೀರ್ಣವಾಗಲಿಲ್ಲ. ಕರ್ನಾಟಕ ಸರಕಾರವು 2016ರ ಮಾರ್ಚ 11ರ ಅಧಿಸೂಚನೆಯಿಂದ ಪ್ಲಾಸ್ಟಿಕ್ಕಿನ ಮತ್ತು ಥರ್ಮಾಕೋಲಿನ ತಾಟು, ಬಟ್ಟಲು, ಚಮಚೆಗಳನ್ನಷ್ಟೇ ಅಲ್ಲದೆ, ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ಕಿನ ಹಾಳೆಯನ್ನೂ ಹೆಸರಿಸಿ ನಿಷೇಧಿಸಿತು. ಕೇಂದ್ರ ಸರಕಾರದ ನಿಷೇಧವು 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯವಾಯಿತು. ಆಜ್ಞೆಗಳಿಂದ ಕೆಲವು ಮಾಲು ಮರೆಯಾದದ್ದು ನಿಜ. ಆದರೆ ಲೇಪದ ಕಾಗದವು ಕಾಗದದ ವೇಷದಲ್ಲಿ ತಪ್ಪಿಸಿಕೊಳ್ಳುವದು ಸುಲಭ. ಮಲೆನಾಡು ಕರಾವಳಿಗಳಿಂದ ಬರುವ ಅಡಿಕೆಹಾಳೆಯ ತಾಟು ಈ ನಡುವೆ ಮಾನ್ಯತೆಯನ್ನು ಪಡೆದಿರುವದು. ಅದು ಗಟ್ಟಿ, ಅಂದವಾದದ್ದು, ನಿಂತು ಉಣ್ಣಲೂ ಯೋಗ್ಯ. ಅಡಿಕೆಯೇ ಬೆಳೆಯದ ಭೀಮಾತೀರದವರು ನೂರಾರು ಹರದಾರಿಗಳಾಚೆಯ ಹಾಳೆಯನ್ನು ತರಿಸುವಾಗ ಹಳ್ಳದ ದಂಡೆಯ ಮುತ್ತಲವು ಸೌದೆಗೆ ಹೋಗುವದೆಂಬುದಷ್ಟೇ ಅದರ ಮೇಲಿನ ಆಕ್ಷೇಪ.

ಹಾಗಾದರೆ ಗೃಹಸ್ಥನು ಯಾವುದನ್ನು ಆರಿಸತಕ್ಕದ್ದು? ನೂರಿನ್ನೂರು ಜನರ ಮದುವೆಯಲ್ಲಿ, ನೀರು ಸಮೃದ್ಧಿಯಾಗಿರುವ ಊರಿನಲ್ಲಿ, ತೊಳೆಯುವವರಿಗೆ ತಕ್ಕ ಕೂಲಿಯನ್ನೂ ಹೊತ್ತಿಗೆ ಸರಿಯಾಗಿ ಊಟವನ್ನೂ ಕೊಡುವ ಮನಸ್ಸುಳ್ಳ ಮನೆಯಲ್ಲಿ, ಬಾಡಿಗೆಯ ಉಕ್ಕಿನ ತಾಟಿಗೆ ಸಮನಾದದ್ದಿಲ್ಲ. ಸಾವಿರ ಜನರಿಗೆ, ಬೇಸಿಗೆಯ ಬರಗಾಲದಲ್ಲಿ, ನೆಲಕ್ಕೆ ಕುಳ್ಳಿರಿಸಿ ಬಡಿಸುವ ಸಂಕಲ್ಪವಿದ್ದಲ್ಲಿ ಪತ್ರಾವಳಿಯೇ ಮೇಲು. ಎತ್ತುವ ಕೆಲಸಕ್ಕೆ ಮನೆಯ ಹುಡುಗರೇ ಸೊಂಟ ಕಟ್ಟಿದರೆ ಅದರ ಹಳೆಯ ಕಳಂಕವೂ ತೊಳೆದುಹೋಗುವದು. ಆದರೆ ಈ ಎರಡನೆಯ ಆಯ್ಕೆಗೆ ಒಂದು ವ್ಯಾವಹಾರಿಕ ತೊಡಕುಂಟು. ವೈಶಾಖದ ಲಗ್ನಕ್ಕೆ ಬೇಕಾದ ಎಲೆಯನ್ನು ಹಿಂದಿನ ಕಾರ್ತಿಕದಲ್ಲಿಯೇ ಹೊಲಿಯುವವರಿಗೆ ಹೇಳಿಡಬೇಕಾಗುವದು. ಆಗ ಬಹುಮಟ್ಟಿಗೆ ಕನ್ಯೆಯನ್ನು ನೋಡುವ ಮಾತೇ ಹೊರಟಿರುವದಿಲ್ಲ.